ಅಪ್ಪ ಹೇಳುತ್ತಿದ್ದ ದೇವರ ಸಿಟ್ಟು

ಸೋಮವಾರ ಬಂತೆಂದರೆ ನಮ್ಮ ಮನೆಯಲ್ಲಿ ಹೊತ್ತು ಮುಳುಗುವ ಮೊದಲೇ ಊಟ ಮುಗಿಯುತ್ತಿತ್ತು. ರೊಟ್ಟಿ, ಪುಂಡಿಪಲ್ಲೆ, ಮೇಲೊಂದಿಷ್ಟು ನುಚ್ಚು ಮಜ್ಜಿಗೆ. ಅವತ್ತು ಯಾರೂ ಎರಡನೇ ಸಲ ಬಡಿಸು ಅನ್ನುವಂತಿರಲಿಲ್ಲ. ಅವ್ವ ಒಲೆ ಆರಿಸಿ, ಪಡಸಾಲೆ ಗುಡಿಸಿ, ಜಮಖಾನೆ ಹಾಸಿ, ಅಪ್ಪ ಕೂರುವ ಮಣೆಯನ್ನು ಒರೆಸಿ ಇಡುತ್ತಿದ್ದಳು. ಆದವಾನಿಯ ಹತ್ತಿ ಪೇಟೆಯ ಹಿಂದಿನ ಓಣಿಯಲ್ಲಿ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮುಂದೆ ಪಡಸಾಲೆ, ಅದರಾಚೆ ಅಡುಗೆಮನೆ, ಪಕ್ಕಕ್ಕೆ ಎರಡು ಕೋಣೆ. ಕೋಣೆಗಳಿಗೆ ಕಿಟಕಿ ಇರಲಿಲ್ಲ. ಮಾಳಿಗೆಯಲ್ಲಿ ಬಿಟ್ಟ ಬೆಳಕಿಂಡಿಯೊಂದೇ ಗಾಳಿಗೂ ಬೆಳಕಿಗೂ ದಾರಿ. ಹತ್ತಿಯ ಹಂಗಾಮಿನಲ್ಲಿ ಬೀಜ ಬಿಡಿಸುವ ಜಿನ್ನು ಯಂತ್ರಗಳಿಂದ ಹಾರಿ ಬಂದ ಅರಳೆಯ ಎಳೆಗಳು ಅಲ್ಲಿಂದ ಇಳಿದು ಹೆಪ್ಪು ಹಾಕಿದ ಹಾಲಿನ ಮೇಲೂ ಕೂರುತ್ತಿದ್ದವು. ನಾವು ಅದನ್ನು ಬೆರಳಿನಿಂದ ಎತ್ತಿ ಹಾಕಿ ಮೊಸರು ತಿಂದು ದೊಡ್ಡವರಾದವರು. ಅಪ್ಪ ಹಗಲು ಹತ್ತಿ ದಲಾಲಿಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತ. ಅಲ್ಲಿ ಅವನ ಮಾತಿಗೆ ಯಾರೂ ಬೆಲೆ ಕೊಡುತ್ತಿರಲಿಲ್ಲವೆಂದು ಕಾಣುತ್ತದೆ, ಯಾಕೆಂದರೆ ಮನೆಗೆ ಬರುವಾಗ ಮುಖ ಬಾಡಿರುತ್ತಿತ್ತು. ಆದರೆ ಸೋಮವಾರ ಸಂಜೆ ಸ್ನಾನ ಮಾಡಿ, ಹಣೆ ತುಂಬ ವಿಭೂತಿ ಬಳಿದುಕೊಂಡು ಮಣೆಯ ಮೇಲೆ ಕೂತನೆಂದರೆ ಅವನು ಪುರಾಣದ ಮಲ್ಲಪ್ಪನವರು. ಹತ್ತಿ ಪ್ರೆಸ್ಸಿನ ಕೂಲಿಗಳು, ಹಮಾಲರು, ಓಣಿಯ ಹೆಂಗಸರು, ಎದುರು ಮನೆಯ ತೆಲುಗರ ಸುಂಕಮ್ಮ, ಎಲ್ಲರೂ ಕಾಲು ತೊಳೆದುಕೊಂಡೇ ಒಳಗೆ ಬರುತ್ತಿದ್ದರು.

ದೇವರ ಕರುಣೆಯನ್ನು ಅಪ್ಪ ಬೇಗ ಮುಗಿಸಿಬಿಡುತ್ತಿದ್ದ. ಅದರಲ್ಲಿ ಅವನಿಗೆ ಅಷ್ಟು ರುಚಿ ಇರಲಿಲ್ಲ, ಕೇಳುವವರಿಗೂ ಇರಲಿಲ್ಲ. ಅವನ ಕಸುಬೆಲ್ಲ ಇದ್ದದ್ದು ದೇವರ ಸಿಟ್ಟಿನಲ್ಲಿ. ಸಿಟ್ಟಿನ ಪ್ರಸಂಗ ಬಂದರೆ ಓದುತ್ತಿದ್ದ ಪುಸ್ತಕವನ್ನು ಮಡಿಚಿ ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದ. ಇನ್ನು ಬರುವುದೆಲ್ಲ ಅವನದೇ ಮಾತು ಎಂದು ಜನರಿಗೆ ಗೊತ್ತಿತ್ತು, ಹಿಂದೆ ಕೂತವರು ಮುಂದಕ್ಕೆ ಸರಿಯುತ್ತಿದ್ದರು. ಒಲೆ ಆರಿದ ಮೇಲಿನ ರೊಟ್ಟಿ ಹಂಚು ನೋಡಿರಿ, ಕಪ್ಪಗೆ ಸುಮ್ಮನೆ ಕೂತಿರುತ್ತದೆ, ಕೈ ಇಟ್ಟವನಿಗೆ ಮಾತ್ರ ಗೊತ್ತು ಅನ್ನುತ್ತಿದ್ದ. ರೈಲು ಹಳಿಗೆ ಕಿವಿ ಇಟ್ಟು ನೋಡಿರಿ, ಕಣ್ಣಿಗೆ ಗಾಡಿ ಇಲ್ಲ, ಆದರೆ ಹಳಿ ಆಗಲೇ ನಡುಗುತ್ತಿದೆ ಅನ್ನುತ್ತಿದ್ದ. ಕಾಯಿಸಲು ಇಟ್ಟ ಹಾಲು ನೀವು ನೋಡುತ್ತಿರುವ ತನಕ ಉಕ್ಕುವುದಿಲ್ಲ, ಆ ಕಡೆ ತಿರುಗಿದಿರೋ ಉಕ್ಕಿತು ಅನ್ನುತ್ತಿದ್ದ. ಕೊನೆಗೆ ತೆಲುಗಿನವರಿಗೂ ಸಿಗಲೆಂದು, ದೇವರ ಸಿಟ್ಟು ಹೇಳಿ ಬರುವುದಿಲ್ಲ ಎನ್ನುವುದನ್ನು ಅವರ ಮಾತಿನಲ್ಲೇ ಹೇಳುತ್ತಿದ್ದ.

“ದೇವುನಿ ಕೋಪಂ ಚೆಪ್ಪಿ ರಾದು.”

“ನಿಜಮೇ ಸ್ವಾಮಿ,” ಎಂದು ಸುಂಕಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಳ್ಳುತ್ತಿದ್ದಳು. ನನಗೆ ಆಗ ಒಂಬತ್ತೋ ಹತ್ತೋ ವರ್ಷ. ನಮ್ಮ ತಾಲೂಕು ಬಳ್ಳಾರಿಯನ್ನು ಬಿಟ್ಟು ಆಂಧ್ರಕ್ಕೆ ಸೇರಿ, ಸಾಲೆಯಲ್ಲಿ ಕನ್ನಡದ ಮೇಷ್ಟರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದ ಕಾಲ. ನಾನು ಕನ್ನಡ ಕಲಿತದ್ದು ಅಪ್ಪನ ಸೋಮವಾರಗಳಿಂದ. ಅವನು ಹೇಳಿದ್ದನ್ನು ಮರುದಿನ ಓಣಿಯ ಹುಡುಗಿಯರನ್ನು ಕಟ್ಟೆಯ ಮೇಲೆ ಕೂರಿಸಿಕೊಂಡು ಹಾಗೇ ಒಪ್ಪಿಸುತ್ತಿದ್ದೆ, ಕೈ ತಿರುಗಿಸುವುದನ್ನೂ ಬಿಡದೆ. ಒಂದು ವಸ್ತುವನ್ನು ಹೇಳಲು ಇನ್ನೊಂದು ವಸ್ತುವನ್ನು ತರಬಹುದು ಎನ್ನುವುದು ನನಗೆ ಆಗ ಮೈ ಜುಮ್ಮೆನ್ನಿಸುವ ಸಂಗತಿಯಾಗಿತ್ತು. ಇಂಥ ಅಪ್ಪ ಯಾರಿಗಿದ್ದಾನೆ ಎಂದು ಬೀಗುತ್ತಿದ್ದೆ.

ಅವ್ವನದು ಬೇರೆ ರೀತಿ. ಅವಳು ಅಪ್ಪನ ಮಾತನ್ನು ಕೇಳಿ ಸಂತೋಷಪಡುತ್ತಿರಲಿಲ್ಲ, ಪಾಲಿಸುತ್ತಿದ್ದಳು. ಹಂಚಿನ ಮಾತು ಬಂದ ಮೇಲೆ ನಮ್ಮ ಮನೆಯಲ್ಲಿ ಬಿಸಿ ಹಂಚಿಗೆ ನೀರು ಚಿಮುಕಿಸುವುದು ನಿಂತುಹೋಯಿತು. ಹಾಲಿನ ಮಾತು ಬಂದ ಮೇಲೆ ಹಾಲು ಉಕ್ಕಿದ ದಿನ ಯಾರೂ ಹೊಸ ಬಟ್ಟೆ ಉಡುವಂತಿರಲಿಲ್ಲ, ತಲೆಗೆ ಎಣ್ಣೆ ಹಚ್ಚಿಕೊಳ್ಳುವಂತಿರಲಿಲ್ಲ. ನಾನು ಸಾಲೆಯಿಂದ ಬರುವಾಗ ಹಳಿ ದಾಟಬಾರದೆಂದು ಅರ್ಧ ಊರು ಸುತ್ತಿಸುತ್ತಿದ್ದಳು. ಗಾಡಿಯ ಹೆದರಿಕೆಯಿಂದಲ್ಲ, ಅಲ್ಲಿ ದೇವರ ಸಿಟ್ಟು ಓಡಾಡುತ್ತದೆಂದು. ಇದನ್ನೆಲ್ಲ ಕಂಡು ನಮ್ಮ ಜೊತೆಗೇ ಇದ್ದ ಚಿಕ್ಕಪ್ಪ ನಗುತ್ತಿದ್ದ. ಅತ್ತಿಗೆ, ಅಣ್ಣ ನಾಳೆ ದೇವರು ಉಪ್ಪಿನಕಾಯಿ ಭರಣಿ ಇದ್ದಂಗ ಅಂದರೆ ಏನು ಮಾಡುತ್ತೀರಿ ಎಂದು ಕೆಣಕುತ್ತಿದ್ದ. ಅವ್ವ ನಗುತ್ತಿರಲಿಲ್ಲ. ಅವಳಿಗೆ ಅಕ್ಷರ ಬರುತ್ತಿರಲಿಲ್ಲ. ಓದಿದ ಗಂಡ ಹತ್ತು ಮಂದಿಯ ಎದುರು ವಿಭೂತಿ ಹಚ್ಚಿಕೊಂಡು ಹೇಳಿದ್ದು ಸುಳ್ಳಾಗುವುದಾದರೂ ಹೇಗೆ? ಅಪ್ಪನಿಗೆ ಇದೆಲ್ಲ ಕಾಣುತ್ತಿತ್ತು. ಅವನು ತಡೆಯುತ್ತಿರಲಿಲ್ಲ. ತನ್ನ ಮಾತು ಅಡುಗೆಮನೆಯ ತನಕ ನಡೆಯುತ್ತಿದೆ ಎನ್ನುವುದು ಅಡತಿ ಅಂಗಡಿಯ ಗುಮಾಸ್ತನಿಗೆ ಸಣ್ಣ ಹೆಮ್ಮೆಯಲ್ಲ.

ಚಿಕ್ಕಪ್ಪ ಈರಣ್ಣ ಜಿನ್ನಿಂಗ್ ಪ್ರೆಸ್ಸಿನಲ್ಲಿ ಕೆಲಸಕ್ಕಿದ್ದ. ಅವನ ಹೆಂಡತಿ ನನ್ನ ಚಿಗವ್ವ ಹೊಳಗುಂದದ ಕಡೆಯವಳು, ತೆಳ್ಳಗೆ ಉದ್ದಕ್ಕೆ ಇದ್ದಳು, ರೊಟ್ಟಿ ಬಡಿಯುವುದರಲ್ಲಿ ಅವಳನ್ನು ಮೀರಿಸಿದವರಿರಲಿಲ್ಲ. ಅವಳಿಗೆ ಎರಡು ಕೂಸು ಹುಟ್ಟಿ ಹೋಗಿದ್ದವು. ಮೂರನೆಯದು ನೀಲಿ. ನಾಲ್ಕು ವರ್ಷದ ನೀಲಿ ಇಡೀ ದಿನ ನನ್ನ ಹಿಂದೆ ತಿರುಗುತ್ತಿತ್ತು, ನಾನು ಕಟ್ಟೆಯ ಮೇಲೆ ಪುರಾಣ ಹೇಳುವಾಗ ಎಲ್ಲರಿಗಿಂತ ಮುಂದೆ ಕೂತು ತಪ್ಪು ಜಾಗದಲ್ಲಿ ನಿಜಮೇ ಸ್ವಾಮಿ ಅನ್ನುತ್ತಿತ್ತು. ಚಿಗವ್ವ ಅಪ್ಪನ ಎದುರು ಬರುತ್ತಿರಲಿಲ್ಲ. ಗಂಡನ ಅಣ್ಣನಿಗೆ ಮುಖ ಕೊಟ್ಟು ಮಾತಾಡುವ ರೂಢಿ ನಮ್ಮ ಕಡೆ ಇರಲಿಲ್ಲ. ಏನಾದರೂ ಹೇಳುವುದಿದ್ದರೆ ಬಾಗಿಲ ಹಿಂದೆ ನಿಂತು, ಪಾರೀ, ನಿಮ್ಮಪ್ಪಾರಿಗೆ ನೀರು ಕಾದಾವು ಅಂತ ಹೇಳು ಅನ್ನುತ್ತಿದ್ದಳು. ಅಪ್ಪನೂ ಪಾರೀ, ಬಂದೆ ಅಂತ ಹೇಳು ಅನ್ನುತ್ತಿದ್ದ. ಒಬ್ಬರ ಮಾತು ಇನ್ನೊಬ್ಬರಿಗೆ ಸರಿಯಾಗಿ ಕೇಳಿಸುತ್ತಿತ್ತು. ಆದರೂ ನಾನು ನಡುವೆ ನಿಂತು ಎರಡೂ ಕಡೆ ಹೇಳಲೇಬೇಕು. ನಾನು ಹುಟ್ಟಿದಾಗಿನಿಂದ ಅವರಿಬ್ಬರು ನೇರವಾಗಿ ಒಂದು ಮಾತೂ ಆಡಿದ್ದನ್ನು ಕೇಳಿರಲಿಲ್ಲ.

ಒಂದು ಹಂಗಾಮಿನಲ್ಲಿ ಚಿಕ್ಕಪ್ಪ ಊಟಕ್ಕೆ ಕೂತಾಗ ಪ್ರೆಸ್ಸಿನ ಸುದ್ದಿ ಹೇಳಿದ. ಹತ್ತಿಯ ಜೊತೆ ಜಿನ್ನಿಗೆ ಬಿದ್ದ ಕಲ್ಲೊಂದು ಕಿಡಿ ಹಾರಿಸಿತ್ತಂತೆ. ಕಿಡಿ ಅರಳೆಯ ಜೊತೆ ಹೋಗಿ, ಒತ್ತಿ ಬಿಗಿದು ಕಟ್ಟಿದ ಹತ್ತಿಯ ಬೇಲಿನೊಳಗೆ ಸೇರಿಬಿಟ್ಟಿತ್ತು. ಅಂಥ ಬೇಲು ಹೊರಗಿನಿಂದ ಎಲ್ಲ ಬೇಲುಗಳ ಜೊತೆ ಒಂದೇ ಆಗಿ ಕಾಣುತ್ತದೆ, ಬೆಂಕಿ ಒಳಗೇ ದಿನಗಟ್ಟಲೆ ಮೆಲ್ಲಗೆ ತಿನ್ನುತ್ತಿರುತ್ತದೆ. ಗುಮಾನಿ ಬಂದ ಬೇಲನ್ನು ಬಿಚ್ಚುವುದಿಲ್ಲ, ಬಿಚ್ಚಿದರೆ ಗಾಳಿ ಸೋಕಿ ಹತ್ತಿಕೊಳ್ಳುತ್ತದೆ. ಗೋದಾಮಿನಿಂದ ಹೊರಗೆ ಉರುಳಿಸಿ ಬಯಲಲ್ಲಿ ಬೇರೆ ಇಟ್ಟು ಕಾಯುತ್ತಾರೆ. ಅಪ್ಪ ತುತ್ತನ್ನು ಕೈಯಲ್ಲೇ ಹಿಡಿದು ಕೂತುಬಿಟ್ಟ. ಒಳಗೆ ಬೆಂಕಿ ಇರೋದು ಹೆಂಗ ಗೊತ್ತಾಗತೈತಿ, ನೀರು ಹಾಕಿದರೆ ಏನಾಗತೈತಿ ಎಂದು ಒಂದೊಂದಾಗಿ ಕೇಳಿದ. ಮೇಲೆ ಸುರಿದ ನೀರು ಒಳಗೆ ಇಳಿಯುವುದೇ ಇಲ್ಲ ಎಂದು ಚಿಕ್ಕಪ್ಪ ಹೇಳಿದ. ತಮ್ಮನ ಕೆಲಸದ ಬಗ್ಗೆ ಅಪ್ಪ ಅಷ್ಟು ಆಸ್ಥೆಯಿಂದ ಕೇಳಿದ್ದು ಅದೇ ಮೊದಲು, ಚಿಕ್ಕಪ್ಪ ಉಬ್ಬಿಹೋದ. ಮುಂದಿನ ಸೋಮವಾರ ಅಪ್ಪ ಪುಸ್ತಕ ಮಡಿಚಿ ತೊಡೆಯ ಮೇಲಿಟ್ಟುಕೊಂಡ.

“ದೇವರ ಸಿಟ್ಟು ಅಂದ್ರ ಬೇಲಿನೊಳಗ ಕೂತ ಬೆಂಕಿರಪ್ಪಾ. ಹೊಗಿ ಇಲ್ಲ, ವಾಸನಿ ಇಲ್ಲ. ನೂರು ಬೇಲಿನ ನಡುವ ಆ ಒಂದು ಬೇಲು ಸುಮ್ಮನ ಕುಂತಿರತೈತಿ. ಹಂಗ ನಮ್ಮ ನಡುವ ಯಾರೋ ಒಬ್ಬರೊಳಗ ಆತನ ಸಿಟ್ಟು ಕೂತಿರತೈತಿ. ಯಾಕಪ್ಪಾ ದೇವರ ಅಂತ ಬಿಚ್ಚಿ ನೋಡಾಕ ಹೋಗಬ್ಯಾಡ್ರಿ, ಗಾಳಿ ಸೋಕಿ ಭಗ್ಗಂತ ಹತ್ತತೈತಿ. ನೀರು ಹಾಕಿದ್ರ ಆರೂದಿಲ್ಲ. ಬ್ಯಾರೆ ಇಟ್ಟು, ತಾನ ಆರೂತನ ಕಾಯಬೇಕು.”

ಕೂತವರಲ್ಲಿ ಅರ್ಧ ಮಂದಿ ಬೇಲು ಹೊತ್ತು ಬೆನ್ನು ಬಗ್ಗಿದವರು. ಅವರಿಗೆ ಇದು ಪುರಾಣವಾಗಿರಲಿಲ್ಲ, ದಿನಾ ಕೈಯಲ್ಲಿ ಮುಟ್ಟುವ ಸಂಗತಿಯಾಗಿತ್ತು. ಅಪ್ಪ ಹೇಳಬೇಕೆಂದಿದ್ದು ಇಷ್ಟೇ: ಕಷ್ಟ ಬಂದಾಗ ದೇವರ ಜೊತೆ ವಾದಕ್ಕಿಳಿಯಬೇಡಿ, ತಾಳಿಕೊಳ್ಳಿ. ಆದರೆ ಕೇಳಿದವರ ಮನಸ್ಸಿನಲ್ಲಿ ಉಳಿದದ್ದು ಯಾರೋ ಒಬ್ಬರು ಎನ್ನುವ ಮಾತು. ಯಾರು ಆ ಒಬ್ಬರು? ಜನ ತಮ್ಮ ತಮ್ಮ ಮನೆಯವರನ್ನು ನೆನೆಸಿಕೊಂಡರು, ಅತ್ತೆ ಸೊಸೆಯನ್ನು ನೋಡಿದಳು, ವಾರಗಿತ್ತಿಯರು ಒಬ್ಬರನ್ನೊಬ್ಬರು ನೋಡಿಕೊಂಡರು. ನಮ್ಮ ಅಡುಗೆಮನೆಯ ಹೊಸ್ತಿಲಲ್ಲಿ ಕೂತಿದ್ದ ಅವ್ವ ಮೆಲ್ಲಗೆ ತಲೆ ತಿರುಗಿಸಿ ಪಕ್ಕದಲ್ಲಿದ್ದ ಚಿಗವ್ವನನ್ನು ನೋಡಿದಳು. ಎರಡು ಕೂಸು ಕಳೆದುಕೊಂಡವಳು ಆ ಮನೆಯಲ್ಲಿ ಅವಳೊಬ್ಬಳೇ. ಚಿಗವ್ವ ತಲೆ ಬಗ್ಗಿಸಿದಳು. ಅವಳಿಗೂ ಅದೇ ಹೊಳೆದಿತ್ತು.

ಅವತ್ತಿನಿಂದ ಚಿಗವ್ವನನ್ನು ಬೇರೆ ಇಟ್ಟರು. ಯಾರೂ ಹಾಗೆಂದು ಹೇಳಲಿಲ್ಲ, ಜಗಳವೂ ಆಗಲಿಲ್ಲ. ಮೊದಲು ಹೆಪ್ಪು ಹಾಕುವ ಕೆಲಸ ಅವಳ ಕೈಯಿಂದ ಹೋಯಿತು. ಆಮೇಲೆ ಉಪ್ಪಿನಕಾಯಿ ಭರಣಿ ಮುಟ್ಟಬೇಡ ಅಂದಳು ಅವ್ವ. ಆಮೇಲೆ ಅವಳ ತಾಟು ಬೀದಿ ಬಾಗಿಲ ಪಕ್ಕಕ್ಕೆ ಬಂತು. ಸೋಮವಾರ ಎಲ್ಲರೂ ಒಳಗೆ ಕೂತರೆ ಅವಳು ಆ ಬಾಗಿಲ ಹತ್ತಿರವೇ ಒಬ್ಬಳೇ ಕೂರುತ್ತಿದ್ದಳು. ಅವ್ವ ಇದನ್ನು ಹಗೆಯಿಂದ ಮಾಡಲಿಲ್ಲ, ನಾನು ಆಣೆ ಮಾಡಿ ಹೇಳಬಲ್ಲೆ. ಚಿಗವ್ವನ ತಾಟಿಗೆ ಅವ್ವ ಎಲ್ಲರಿಗಿಂತ ಹೆಚ್ಚು ತುಪ್ಪ ಹಾಕುತ್ತಿದ್ದಳು. ತಾನ ಆರತೈತಿ ತಂಗೀ, ಸ್ವಲ್ಪ ದಿನ ತಾಳಿಕೋ ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಚಿಗವ್ವ ಹ್ಞೂಂ ಅಕ್ಕಾ ಅನ್ನುತ್ತಿದ್ದಳು. ಚಿಕ್ಕಪ್ಪ ಒಮ್ಮೆ ಮಾತ್ರ, ಅದು ಬೇಲಿನ ಮಾತು ಅತ್ತಿಗೆ, ಮನುಷ್ಯರದಲ್ಲ ಅಂದ. ಅವ್ವ ನಿಮ್ಮಣ್ಣಾರನ್ನ ಕೇಳು ಅಂದಳು. ಅವನು ಕೇಳಲಿಲ್ಲ. ಅಣ್ಣನ ಎದುರು ಕೂತು ಮಾತಾಡುವುದು ಅವನಿಗೂ ಅಭ್ಯಾಸವಿರಲಿಲ್ಲ.

ಅಪ್ಪ ಮಾತ್ರ ಆ ವರ್ಷ ಎಲ್ಲೆಲ್ಲಿಗೋ ಏರಿಬಿಟ್ಟ. ಬೇಲಿನ ಪುರಾಣ ಅನ್ನುವ ಹೆಸರೇ ಬಿತ್ತು. ಆಲೂರಿಗೆ ಕರೆಸಿದರು, ಹಳ್ಳಿಹಳ್ಳಿಗಳಿಂದ ಬಂಡಿ ಕಟ್ಟಿಕೊಂಡು ಬಂದು ಕರೆದೊಯ್ದರು, ಅಂಗಡಿಯ ಸಾಹುಕಾರನೂ ಒಂದು ಸೋಮವಾರ ಬಂದು ಜಮಖಾನೆಯ ಮೇಲೆ ಕೂತು ಹೋದ. ಮನೆಯಲ್ಲಿ ತನ್ನ ತಮ್ಮನ ಹೆಂಡತಿಯ ತಾಟು ಎಲ್ಲಿದೆ ಎನ್ನುವುದು ಅಪ್ಪನ ಕಣ್ಣಿಗೆ ಬಿದ್ದಿತ್ತೋ ಇಲ್ಲವೋ ಎಂದು ನಾನು ಬಹಳ ವರ್ಷ ಯೋಚಿಸಿದ್ದೇನೆ. ದಿನಕ್ಕೆ ನಾಲ್ಕು ಸಲ ಆ ಬಾಗಿಲು ದಾಟಿ ಓಡಾಡುವವನಿಗೆ ಬೀಳದೇ ಇರುವುದು ಸಾಧ್ಯವಿಲ್ಲ.

ಬೇಸಗೆ ಏರಿದಾಗ ನೀಲಿಗೆ ಜ್ವರ ಬಂತು. ಅಪ್ಪ ಹೊಳಗುಂದಕ್ಕೆ ಪುರಾಣ ಹೇಳಲು ಹೋಗಿದ್ದ. ಹಂಗಾಮು ಮುಗಿಯುವ ಅವಸರದಲ್ಲಿ ಚಿಕ್ಕಪ್ಪ ಪ್ರೆಸ್ಸಿನಲ್ಲೇ ಮಲಗೇಳುತ್ತಿದ್ದ. ಆದವಾನಿಯ ಬಿಸಿಲು ಗೊತ್ತಿದ್ದವರಿಗೆ ಹೇಳಬೇಕಾಗಿಲ್ಲ. ಮಧ್ಯಾಹ್ನ ಕೋಟೆ ಗುಡ್ಡದ ಬಂಡೆಗಳಿಂದ ಇಳಿದು ಬರುವ ಝಳಕ್ಕೆ ನಾಯಿಗಳೂ ಓಣಿಯಲ್ಲಿ ತಿರುಗುತ್ತಿರಲಿಲ್ಲ. ಕೂಸಿನ ಮೈ ಮುಟ್ಟಿ ಅವ್ವ ಕೈ ಹಿಂದಕ್ಕೆ ಎಳೆದುಕೊಂಡಳು. ಆಮೇಲೆ ಅವಳು ಮಾಡಿದ್ದೆಲ್ಲ ಒಂದರ ಹಿಂದೊಂದು, ಮೊದಲೇ ಕಲಿತಿದ್ದವಳು ಮಾಡಿದ ರೀತಿಯಲ್ಲಿ ನಡೆಯಿತು. ನೀಲಿಯನ್ನು ಎತ್ತಿ ಚಿಗವ್ವನ ಕೋಣೆಯಲ್ಲಿ ಮಲಗಿಸಿದಳು. ಎರಡು ಕಂಬಳಿ ಹೊದಿಸಿ ಅಂಚುಗಳನ್ನು ಮೈಕೆಳಗೆ ಬಿಗಿಯಾಗಿ ಸಿಕ್ಕಿಸಿದಳು. ನೀರು ಕೊಡುವಂತಿಲ್ಲ ಅಂದಳು. ಬಾಗಿಲಿಗೆ ಗೋಣಿಚೀಲ ಕಟ್ಟಿದಳು. ಕೊನೆಗೆ ಏಣಿ ಹಾಕಿಕೊಂಡು ಮಾಳಿಗೆ ಹತ್ತಿ, ತಗಡು ಇಟ್ಟು ಮೇಲೆ ಕಲ್ಲು ಹೇರಿ ಬೆಳಕಿಂಡಿ ಮುಚ್ಚಿದಳು. ಸುಂಕಮ್ಮ ಬಾಗಿಲ ಹೊರಗೆ ನಿಂತು, ಗಾಲಿ ತಗಲನೀಯದ್ದಮ್ಮಾ, ಗಾಳಿ ಸೋಕಿಸಬೇಡ ಎಂದು ತನ್ನ ಮಾತಿನಲ್ಲಿ ಹೇಳುತ್ತಲೇ ಇದ್ದಳು. ನಾನು ಏಣಿ ಹಿಡಿದುಕೊಂಡಿದ್ದೆ. ಆಗ ಒಳಗಿನಿಂದ, ಕತ್ತಲೆಯಿಂದ, ಚಿಗವ್ವನ ದನಿ ಬಂತು.

“ಅಕ್ಕಾ, ಈ ಮೂಲಿಯಾಗ ಇನ್ನಾ ಸ್ವಲ್ಪ ಬೆಳಕು ಬರಾಕತ್ತೈತಿ ನೋಡು. ತಗಡು ಈ ಕಡೆ ಸರಿಸು.”

ಈ ಮಾತನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿಲ್ಲ. ಊರಿನವರು ಆಮೇಲೆ ಅವ್ವನನ್ನು ದೂರಿದರು, ಸುಂಕಮ್ಮನನ್ನು ದೂರಿದರು. ಬಲವಂತದಿಂದ ತಾಯಿಯನ್ನೂ ಕೂಸನ್ನೂ ಕೂಡಿಹಾಕಿದರು ಎಂದು ಮಾತಾಡಿಕೊಂಡರು. ಬಲವಂತ ಯಾರದೂ ಇರಲಿಲ್ಲ. ಚಿಗವ್ವ ಎಲ್ಲರಿಗಿಂತ ಗಟ್ಟಿಯಾಗಿ ನಂಬಿದ್ದಳು. ಹಿಂದಿನ ಎರಡು ಕೂಸುಗಳನ್ನು ತಾನು ಮಡಿಲಲ್ಲಿ ಹಾಕಿಕೊಂಡು ಬಯಲಲ್ಲಿ, ಗಾಳಿಯಲ್ಲಿ ಕೂತಿದ್ದೆ, ಎಲ್ಲ ದೇವರನ್ನೂ ಯಾಕೆ ಎಂದು ಕೇಳಿದ್ದೆ, ಅದಕ್ಕೇ ಹೋದವು ಎಂದು ಅವಳು ಲೆಕ್ಕ ಹಾಕಿಬಿಟ್ಟಿದ್ದಳು. ಈ ಸಲ ಕೇಳುವುದಿಲ್ಲ, ಬಿಚ್ಚುವುದಿಲ್ಲ. ಮಗಳು ನೀರು ನೀರು ಅಂದಾಗ ಅವಳು ತನ್ನ ಬಾಯಿಗೂ ನೀರು ಹಾಕಿಕೊಳ್ಳಲಿಲ್ಲ.

ಸುದ್ದಿ ಕೇಳಿ ಚಿಕ್ಕಪ್ಪ ಓಡಿಬಂದ. ಬರುವ ದಾರಿಯಲ್ಲೇ ಸರ್ಕಾರಿ ದವಾಖಾನೆಯ ಕಾಂಪೌಂಡರನನ್ನು ಕಂಡು ಬಂದಿದ್ದ. ಆತ ಕೂಸಿನ ಮೈಮೇಲಿನ ಬಟ್ಟೆ ತೆಗೆದು, ಒದ್ದೆ ಬಟ್ಟೆಯಿಂದ ಒರೆಸಿ, ನೀರು ಕುಡಿಸುತ್ತಾ ಕೂಡಲೇ ಕರೆದುಕೊಂಡು ಬಾ ಅಂದಿದ್ದನಂತೆ. ಪಡಸಾಲೆಯಲ್ಲಿ ಅವನಿಗೂ ಅವ್ವನಿಗೂ ಜಗಳವಾಯಿತು. ನಮ್ಮ ಮನೆಯಲ್ಲಿ ದನಿ ಏರಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಬಿಚ್ಚಿದರೆ ಕೂಸು ಉಳಿಯುವುದಿಲ್ಲ ಎಂದು ಅವ್ವ ಬಾಗಿಲಿಗೆ ಅಡ್ಡ ನಿಂತಳು. ಚಿಕ್ಕಪ್ಪ ಗೋಣಿಚೀಲಕ್ಕೆ ಕೈ ಹಾಕಿದ. ಆಗ ಒಳಗಿನಿಂದ ಚಿಗವ್ವನೇ, ನಿಮ್ಮ ಕಾಲಿಗೆ ಬೀಳತೀನಿ, ಭಾವಾರು ಬರೂತನ ಬಿಚ್ಚಬ್ಯಾಡ್ರಿ ಅಂದಳು. ಅವನ ಕೈ ಇಳಿಯಿತು. ಅಣ್ಣ ಇವತ್ತು ಸಂಜೆಯ ಬಸ್ಸಿಗೆ ಬರುತ್ತಾನೆ, ಅವನ ಬಾಯಲ್ಲಿ ಒಂದು ಮಾತು ಬಂದರೆ ಸಾಕು, ಎಲ್ಲರೂ ಕೇಳುತ್ತಾರೆ ಎಂದು ಗೋಡೆಗೆ ಒರಗಿ ಕೂತ. ನಾವೆಲ್ಲರೂ ಅಪ್ಪನ ದಾರಿ ಕಾಯುತ್ತಾ ಕೂತೆವು. ಒಳಗೆ ನೀಲಿಯ ನರಳಾಟ ಕೇಳುತ್ತಿತ್ತು.

ಅಪ್ಪ ಬಂದಾಗ ಇನ್ನೂ ಬೆಳಕಿತ್ತು. ಕೊರಳಲ್ಲಿ ಹೊಳಗುಂದದವರು ಹಾಕಿದ ಹೂವಿನ ಹಾರ ಬಾಡಿ ನೇತಾಡುತ್ತಿತ್ತು, ಹೆಗಲ ಮೇಲೆ ಹೊಸ ಶಾಲು. ಬಸ್ ನಿಲ್ದಾಣದಿಂದಲೇ ಅವನ ಹಿಂದೆ ಆರೇಳು ಮಂದಿ ಬಂದಿದ್ದರು. ಪುರಾಣ ಎಷ್ಟು ಚೆನ್ನಾಗಿ ಆಯಿತು ಎಂದು ಅವರು ಓಣಿಯವರಿಗೆ ಹೇಳುತ್ತಲೇ ಒಳಗೆ ಬಂದರು. ಚಿಕ್ಕಪ್ಪ ಎದ್ದು ನಿಂತ. ಅಪ್ಪ ಕೋಣೆಯ ಬಾಗಿಲ ತನಕ ಹೋಗಿ ಗೋಣಿಚೀಲದ ಅಂಚು ಎತ್ತಿ ಒಳಗೆ ನೋಡಿದ. ಕಂಬಳಿ ಸುತ್ತಿದ ಕೂಸು, ಅದರ ತಲೆದೆಸೆಯಲ್ಲಿ ಸೆರಗು ಮುಸುಕು ಹಾಕಿ ಕೂತ ಚಿಗವ್ವ. ಒಳಗಿನ ಕಾವು ಅವನ ಮುಖಕ್ಕೆ ಹೊಡೆದದ್ದು ಪಕ್ಕದಲ್ಲಿದ್ದ ನನಗೂ ತಾಗಿತು. ಇದೇನು, ಹೀಗೆ ಮಾಡು ಅಂತ ಯಾರು ಹೇಳಿದರು ಎಂದು ಅವನು ಕೇಳಿದ.

“ನೀವ ಹೇಳೀರೆಲ್ರಿ,” ಅಂದಳು ಅವ್ವ. “ಬಿಚ್ಚಬಾರದು, ಗಾಳಿ ಸೋಕಬಾರದು ಅಂತ. ಹಂಗ ಮಾಡೀನಿ. ಸರಿ ಐತಿಲ್ಲ?”

ಅಪ್ಪನ ಮುಖ ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು. ಅವನಿಗೆ ಗೊತ್ತಾಯಿತು. ಅದರಲ್ಲಿ ನನಗೆ ಎಳ್ಳಷ್ಟೂ ಸಂಶಯವಿಲ್ಲ. ಬಾಯಿ ತೆರೆದ. ಹಿಂದೆ ಪಡಸಾಲೆಯಲ್ಲಿ ಆ ಆರೇಳು ಮಂದಿ ಮಾತು ನಿಲ್ಲಿಸಿ ಕಿವಿಗೊಟ್ಟಿದ್ದರು, ಸುಂಕಮ್ಮ ಕೈ ಮುಗಿದುಕೊಂಡು ನಿಂತಿದ್ದಳು. ಅದು ಬರೀ ಹೋಲಿಕೆ, ಕೂಸಿಗೆ ಗಾಳಿ ಬಿಡಿ ಎಂದು ಅವನು ಅಂದಿದ್ದರೆ, ಹಂಚು, ಹಳಿ, ಹಾಲು, ಹೊಳಗುಂದದ ಹಾರ, ಎಲ್ಲವೂ ಬರೀ ಹೋಲಿಕೆಯಾಗುತ್ತಿದ್ದವು. ಅವನು ಗೋಣಿಚೀಲದ ಅಂಚನ್ನು ಬಿಟ್ಟ.

“ಶಿವನ ಮನಸಿನ್ಯಾಗ ಇದ್ದಂಗ ಆಗತೈತಿ,” ಅಂದ. ಸ್ನಾನಕ್ಕೆ ನೀರು ಇಡು ಅಂದ.

ಚಿಕ್ಕಪ್ಪ ಮತ್ತೆ ಕೂತುಬಿಟ್ಟ. ಮರುದಿನ ಬಿಸಿಲೇರುವ ಮೊದಲು ನೀಲಿಯ ನರಳಾಟ ನಿಂತಿತು. ಜ್ವರ ಇಳಿಯಿತೆಂದು ಅವ್ವ ಕೈ ಮುಗಿದಳು. ಸ್ವಲ್ಪ ಹೊತ್ತು ನಾವೆಲ್ಲರೂ ಹಾಗೇ ಅಂದುಕೊಂಡೆವು. ಚಿಗವ್ವ ಕಂಬಳಿ ಬಿಡಿಸಲು ಅಪ್ಪಣೆ ಕೇಳಿದಳು, ನನ್ನ ಮೂಲಕವೇ. ಅಪ್ಪ ಬಿಡಿಸಲಿ ಅಂದ. ನಾಲ್ಕು ವರ್ಷದ ಮಗುವನ್ನು ಹೂಳಲು ಹೆಚ್ಚು ಹೊತ್ತು ಹಿಡಿಯುವುದಿಲ್ಲ. ಅಪ್ಪನೇ ಮುಂದೆ ನಿಂತು ಎಲ್ಲವನ್ನೂ ಮಾಡಿಸಿದ. ಚಿಗವ್ವ ಅಳಲಿಲ್ಲ. ಮಾಳಿಗೆಯ ತಗಡನ್ನು ಯಾರು ತೆಗೆದರೋ ನಾನು ನೋಡಲಿಲ್ಲ. ಸಂಜೆ ಕೋಣೆಗೆ ಹೋದಾಗ ನೆಲದ ಮೇಲೆ ಬೆಳಕು ಬಿದ್ದಿತ್ತು, ಕಂಬಳಿಗಳನ್ನು ಮಡಿಚಿ ಇಟ್ಟಿದ್ದರು.

ನಾನು ಮುಂದೆ ಆಲೂರಿನಲ್ಲಿ ಕನ್ನಡದ ಮೇಡಮ್ಮಾಗಿ ಮೂವತ್ತು ವರ್ಷ ಕಳೆದೆ. ಉಪಮೆಯ ಪಾಠ ಬಂದಾಗ ಮಕ್ಕಳು ಅವಳ ಮುಖ ಚಂದ್ರನಂತೆ ಎಂದು ರಾಗವಾಗಿ ಹೇಳುತ್ತಿದ್ದರು. ನಾನು ಅದಕ್ಕೆ, ಆದರೆ ಚಂದ್ರ ಅಲ್ಲ, ಎಂದು ಸೇರಿಸಿ ಹೇಳಿಸುತ್ತಿದ್ದೆ. ಮತ್ತೆ ಮತ್ತೆ ಹೇಳಿಸುತ್ತಿದ್ದೆ. ಮೇಡಮ್ಮಿಗೆ ಒಂದು ಸುತ್ತು ಕಡಿಮೆ ಎಂದು ಹುಡುಗರು ನಗುತ್ತಿದ್ದರು, ನಗಲಿ. ನನಗೆ ಬಹಳ ಮಂದಿ ಕೇಳಿದ್ದಾರೆ, ಪುರಾಣದ ಮಲ್ಲಪ್ಪನವರ ಮಗಳಾಗಿ ನೀವು ಯಾಕೆ ಭಾಷಣ ಮಾಡುವುದಿಲ್ಲ, ನಿಮ್ಮ ಮಾತು ಯಾಕೆ ಇಷ್ಟು ಒಣ ಎಂದು. ಅಪ್ಪನ ನಾಲಿಗೆ ನನಗೆ ಬಂದಿತ್ತು. ಅದು ಬಾಯಿಗೆ ಬಂದಾಗಲೆಲ್ಲ ನಾನೇ ಹಲ್ಲು ಕಚ್ಚಿ ತಡೆದಿದ್ದೇನೆ. ದೇವರನ್ನು ನಾನು ಬಿಡಲಿಲ್ಲ, ಈಗಲೂ ದಿನಾ ಲಿಂಗಪೂಜೆ ಮಾಡುತ್ತೇನೆ. ಅವನಿಗೆ ಸಿಟ್ಟು ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಿದೆ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಲಿಂಗವಂತರಾದ ನಮ್ಮಲ್ಲಿ ಸೂತಕ ಹಿಡಿಯುವುದಿಲ್ಲ. ಆದ್ದರಿಂದ ನೀಲಿ ಹೋದ ಮೇಲಿನ ಮೊದಲ ಸೋಮವಾರವೂ ಪುರಾಣ ನಿಲ್ಲಲಿಲ್ಲ. ಅವ್ವ ಪಡಸಾಲೆ ಗುಡಿಸಿ ಜಮಖಾನೆ ಹಾಸಿದಳು. ಜನ ಎಂದಿಗಿಂತ ಹೆಚ್ಚು ಬಂದಿದ್ದರು, ಕೂಸು ಹೋದ ಮನೆಯಲ್ಲಿ ಮಲ್ಲಪ್ಪನವರು ಏನು ಹೇಳುತ್ತಾರೆಂದು ಕೇಳುವ ಆಸೆ ಅವರಿಗೆ. ಚಿಕ್ಕಪ್ಪ ಮೂಲೆಯಲ್ಲಿ ಮೊಣಕಾಲಿಗೆ ಗದ್ದ ಹಚ್ಚಿಕೊಂಡು ಕೂತಿದ್ದ. ಅಪ್ಪ ಅವತ್ತು ಪುಸ್ತಕ ಮಡಿಚಲಿಲ್ಲ. ತಲೆ ಬಗ್ಗಿಸಿಕೊಂಡು ಪುಸ್ತಕದಲ್ಲಿದ್ದಷ್ಟನ್ನೇ ಓದುತ್ತಾ ಹೋದ. ಅಧ್ಯಾಯ ಮುಗಿದು, ಅವ್ವ ಸಕ್ಕರೆ ಪುಠಾಣಿಯ ತಟ್ಟೆ ತರಲು ಅಡುಗೆಮನೆಗೆ ಎದ್ದಳು. ಬೀದಿ ಬಾಗಿಲ ಹತ್ತಿರ ತನ್ನ ಜಾಗದಲ್ಲಿ ಕೂತಿದ್ದ ಚಿಗವ್ವ ನನ್ನನ್ನು ಕರೆದಳು. ದನಿ ಸಣ್ಣದಲ್ಲ, ಎಲ್ಲರಿಗೂ ಕೇಳಿಸಿತು.

“ಪಾರೀ, ನಿಮ್ಮಪ್ಪಾರನ್ನ ಕೇಳು. ಆ ಬೇಲಿನ ಮಾತು ಖರೇನೋ, ಬರೇ ಮಾತಿಗೆ ಹೇಳಿದ್ದೋ?”

ನಾನು ಅಪ್ಪನ ಕಡೆ ತಿರುಗಿದೆ. ನಾನು ಕೇಳುವ ಅಗತ್ಯವಿರಲಿಲ್ಲ. ಖರೆ ಅಂದರೆ ಅವಳ ಮಗಳನ್ನು ದೇವರ ಸಿಟ್ಟೇ ಸುಟ್ಟಿತು ಎಂದಾಗುತ್ತದೆ, ಅದನ್ನು ಅವಳು ಸಾಯುವ ತನಕ ಹೊರಬೇಕು. ಅಷ್ಟು ಕಠಿಣ ಮನಸ್ಸು ಅವನಿಗೆ ಇರಲಿಲ್ಲ. ಅವನು ಅವಳಿಗೆ ಒಳ್ಳೆಯದು ಮಾಡಬೇಕೆಂದೇ, ಅಷ್ಟು ಜನರ ಎದುರು, ತನ್ನ ಮಾನ ಬಿಟ್ಟು ಹೇಳಿದ. ಇದನ್ನು ನಾನು ಒಪ್ಪಿಕೊಳ್ಳಲೇಬೇಕು.

“ಮಾತಿಗೆ ಹೇಳಿದ್ದು ಅಂತ ಹೇಳು ಪಾರೀ. ಮಂದಿಗೆ ತಿಳೀಲಿ ಅಂತ ಹೋಲಿಸಿ ಹೇಳಿದ್ದು. ಆಕಿಯೊಳಗ ಯಾವ ಸಿಟ್ಟೂ ಕೂತಿಲ್ಲ. ಆಕಿ ಮಗಳೊಳಗೂ ಇರಲಿಲ್ಲ.”

ಚಿಗವ್ವ ಎದ್ದು ನಿಂತಳು. ತಲೆಯ ಮೇಲಿನ ಸೆರಗನ್ನು ಹಿಂದಕ್ಕೆ ಸರಿಸಿದಳು. ನನ್ನನ್ನು ನೋಡಲಿಲ್ಲ, ಅಪ್ಪನನ್ನೇ ನೋಡಿದಳು.

“ಭಾವಾರ, ಅವತ್ತು ನೀವು ಬಾಗಿಲದಾಗ ನಿಂತಾಗ ಕೂಸು ಇನ್ನಾ ಉಸಿರಾಡತಿತ್ತು. ಆವಾಗ ಹೇಳಬೇಕಿತ್ರಿ ಇದನ್ನ.”

ಹಮಾಲರು ಒಬ್ಬೊಬ್ಬರಾಗಿ ತಲೆ ತಗ್ಗಿಸಿದರು, ಸುಂಕಮ್ಮ ಗೋಡೆ ಹಿಡಿದುಕೊಂಡಳು. ಅವ್ವ ಅಡುಗೆಮನೆಯ ಹೊಸ್ತಿಲಲ್ಲಿ ತಟ್ಟೆ ಹಿಡಿದು ನಿಂತಿದ್ದಳು. ಯಾವಾಗ ಬಂದಳೋ, ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಚಿಗವ್ವನನ್ನು ನೋಡಲಿಲ್ಲ, ಚಿಕ್ಕಪ್ಪನನ್ನು ನೋಡಲಿಲ್ಲ. ಮಣೆಯ ಹತ್ತಿರ ಬಂದು ಅಪ್ಪನ ಎದುರು ನೆಲದ ಮೇಲೆ ಕೂತಳು. ಅವಳ ದನಿಯಲ್ಲಿ ಜಗಳವಿರಲಿಲ್ಲ, ತಿಳಿಯದ್ದನ್ನು ತಿಳಿದುಕೊಳ್ಳುವ ಆಸೆಯಷ್ಟೇ ಇತ್ತು.

“ಬರೇ ಮಾತಿಗೇನ್ರಿ?” ಎಂದು ಕೇಳಿದಳು. “ನಾ ಖರೇ ಅಂತ ತಿಳಕೊಂಡು ಮಾಡಿದ್ನೆಲ್ರಿ.”